ನಡೆಯುವ ಹಿರಿಯರೂ ನಗುವ ಪ್ರೇಕ್ಷಕರೂ: ‘ಊಂಚಾಯಿ’ ಚಲಚ್ಚಿತ್ರವನ್ನು ಕುರಿತು ಒಂದು ವಿಚಾರ

ಚಲಚ್ಚಿತ್ರವನ್ನು ವಿಮರ್ಶಿಸುವವನು ಸಾಮಾನ್ಯವಾಗಿ ತೆರೆಗೆ ಮುಖಮಾಡಿ ಕುಳಿತಿರುತ್ತಾನೆ. ಆದರೆ ನಮ್ಮ ಆಲಂಕಾರಿಕರ ಮತದಂತೆ ರಸವು ನೆಲೆಗೊಳ್ಳುವುದು ಸಹೃದಯನ ಹೃದಯದಲ್ಲಿ. ಹಾಗಿದ್ದ ಪಕ್ಷದಲ್ಲಿ ವಿಮರ್ಶಕನು ನಡುನಡುವೆ ಕತ್ತು ತಿರುಗಿಸಿ ಹಿಂದಿನ ಸಾಲುಗಳನ್ನೂ ನೋಡಬೇಕಾಗುತ್ತದೆ. ಕತ್ತಲೆಯಲ್ಲಿ ಮುಖಗಳು ಕಾಣಿಸಲಾರವು, ನಿಜ. ನಗು ಮಾತ್ರ ಕೇಳಿಸುತ್ತದೆ. ಯಾರು ಎಲ್ಲಿ ನಕ್ಕರು, ಯಾರು ಎಲ್ಲಿ ಸುಮ್ಮನಾದರು ಎಂಬುದನ್ನು ಗುರುತು ಹಾಕಿಕೊಂಡರೆ ಕೃತಿಯ ಮರ್ಮ ಕೆಲವೊಮ್ಮೆ ತೆರೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಸೂರಜ್ ಬಡಜಾತ್ಯಾ ಅವರು ನಿರ್ದೇಶಿಸಿದ ‘ಊಂಚಾಯಿ’ ಎಂಬ ಹಿಂದಿ ಚಿತ್ರವನ್ನು ಎರಡು ಊರುಗಳಲ್ಲಿ, ಎರಡು ಬಗೆಯ ಪ್ರೇಕ್ಷಕರೊಡನೆ ನೋಡುವ ಅವಕಾಶ ನಮಗೆ ಒದಗಿತು. ಆ ಎರಡು ಅನುಭವಗಳನ್ನು ಎದುರುಬದುರಾಗಿ ಇರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಚಿತ್ರ ತೆರೆಕಂಡದ್ದು 2022ರ ನವೆಂಬರ್ 11ರಂದು. ತಾರಾಚಂದ ಬಡಜಾತ್ಯಾ ಅವರು 1947ರಲ್ಲಿ ಸ್ಥಾಪಿಸಿದ ರಾಜಶ್ರೀ ಸಂಸ್ಥೆಯ ಚಿತ್ರಗಳ ಜಾಡು ವಾಚಕರಿಗೆ ಗೊತ್ತೇ ಇದೆ: ಕೂಡುಕುಟುಂಬ, ಮದುವೆ, ಊಟದ ಪಂಕ್ತಿ, ಕೊನೆಯಲ್ಲಿ ಎಲ್ಲರ ಕಣ್ಣೀರು. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದಲ್ಲಿ ಆ ಮಾದರಿ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ‘ಊಂಚಾಯಿ’ಯಲ್ಲಿ ಅದೇ ನಿರ್ದೇಶಕರು ಕುಟುಂಬವನ್ನು ಹಿಂದಕ್ಕೆ ಸರಿಸಿ ಸ್ನೇಹವನ್ನು ಮುಂದಕ್ಕೆ ತಂದಿದ್ದಾರೆ. ದಿಲ್ಲಿಯ ನಾಲ್ವರು ಹಿರಿಯ ಗೆಳೆಯರು. ಅವರಲ್ಲಿ ಭೂಪೇನ್ ಎಂಬವನಿಗೆ ಉಳಿದ ಮೂವರನ್ನು ಕರೆದುಕೊಂಡು ಎವರೆಸ್ಟಿನ ತಳದ ಬಿಡಾರದವರೆಗೆ ನಡೆಯಬೇಕೆಂಬ ಆಸೆ. ಹುಟ್ಟುಹಬ್ಬ ಆಚರಿಸಿದ ಬೆನ್ನಲ್ಲೇ ಅವನು ತೀರಿಕೊಳ್ಳುತ್ತಾನೆ. ಲೇಖಕ ಅಮಿತ್, ಪುಸ್ತಕದಂಗಡಿಯ ಓಂ, ಬಟ್ಟೆ ವ್ಯಾಪಾರಿ ಜಾವೇದ್, ಈ ಮೂವರು ಅವನ ಚಿತಾಭಸ್ಮವನ್ನು ಹೊತ್ತು 5,364 ಮೀಟರು ಎತ್ತರದ ಆ ಸ್ಥಳಕ್ಕೆ ಹೊರಡುತ್ತಾರೆ. ಅಮಿತಾಭ್ ಬಚ್ಚನ್ ಅವರು ಚಿತ್ರ ಬಿಡುಗಡೆಯಾಗುವ ಒಂದು ತಿಂಗಳ ಹಿಂದೆ ಎಂಬತ್ತು ತುಂಬಿದವರು. ಅನುಪಮ್ ಖೇರ್, ಬೊಮನ್ ಇರಾನಿ, ಡ್ಯಾನಿ ಡೆನ್ಜೋಂಗ್ಪಾ, ಸಾರಿಕಾ, ನೀನಾ ಗುಪ್ತಾ, ಇವರೆಲ್ಲರೂ ತಾರುಣ್ಯವನ್ನು ಎಂದೋ ದಾಟಿದವರೇ. ಮುದಿತನದ ವೇಷವನ್ನು ಯಾರೂ ಇಲ್ಲಿ ಹಾಕಿಕೊಂಡಿಲ್ಲವಾದ್ದರಿಂದ ನಗೆಗೆ ಮೊದಲೇ ಒಂದು ಮರ್ಯಾದೆ ಬಂದಿದೆ.

ನಾಸಿಕದಲ್ಲಿ ನಾವು ನೋಡಿದ್ದು ಬಿಡುಗಡೆಯಾದ ಮೊದಲ ವಾರದ ಒಂದು ಮಧ್ಯಾಹ್ನದ ಆಟ. ಆಗಿನ್ನೂ ‘ಕಾಂತಾರ’ದ ಹಿಂದೀ ಆವೃತ್ತಿಯ ಸದ್ದು ಅಡಗಿರಲಿಲ್ಲ, ನಮ್ಮ ಕನ್ನಡ ಬಂಧುಗಳು ನೆರೆಹೊರೆಯ ಮರಾಠಿಗರನ್ನು ಅಭಿಮಾನದಿಂದ ಅದಕ್ಕೆ ಕರೆದೊಯ್ಯುತ್ತಿದ್ದ ದಿನಗಳು ಅವು. ‘ಊಂಚಾಯಿ’ಗೆ ಅಂಥ ಬಾವುಟವೇನೂ ಇರಲಿಲ್ಲ. ಚಿತ್ರಮಂದಿರದಲ್ಲಿ ಅರ್ಧದಷ್ಟು ಮಂದಿ ನಿವೃತ್ತರು. ಇನ್ನರ್ಧ ಕಾಲೇಜಿಗೆ ಚಕ್ಕರ್ ಹೊಡೆದು ಬಂದವರೆಂದು ಕಂಡುಬಂದ ತರುಣರು. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಕ್ಕಲಾರದು.

ಭರತನು ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಸ್ಮಿತ ಮತ್ತು ಹಸಿತ ಉತ್ತಮರದು, ವಿಹಸಿತ ಮತ್ತು ಉಪಹಸಿತ ಮಧ್ಯಮರದು, ಅಪಹಸಿತ ಮತ್ತು ಅತಿಹಸಿತ ಅಧಮರದು. ಹಲ್ಲು ಕಾಣದ ಮುಗುಳುನಗೆಯಿಂದ ಹಿಡಿದು, ಕಣ್ಣಲ್ಲಿ ನೀರು ಬರಿಸಿ ಪಕ್ಕೆ ಹಿಡಿದುಕೊಳ್ಳುವಂತೆ ಮಾಡುವ ಅಬ್ಬರದ ನಗೆಯವರೆಗೆ ಇದರ ವ್ಯಾಪ್ತಿ. ನಗುವವನ ಪ್ರಕೃತಿಯನ್ನು ನೋಡಿ ನಗೆಗೆ ದರ್ಜೆ ಕಟ್ಟಿದ ಈ ಕ್ರಮ ನಮಗೆ ಎಂದಿನಿಂದಲೂ ಸ್ವಲ್ಪ ಅನುಮಾನದ್ದು. ನಾಸಿಕದ ಆ ಮಧ್ಯಾಹ್ನ ಅನುಮಾನ ಖಚಿತವಾಯಿತು. ಒಬ್ಬನೇ ಮನುಷ್ಯ ಎರಡೂ ಮುಕ್ಕಾಲು ಗಂಟೆಯೊಳಗೆ ಅಧಮನೂ ಆಗಬಲ್ಲ, ಉತ್ತಮನೂ ಆಗಬಲ್ಲ.

ಗೆಳೆಯರು ಗಿರಿಯಾತ್ರೆಗೆ ಸಿದ್ಧರಾಗುವಾಗ ಉಸಿರು ಕಟ್ಟಿ ಏದುತ್ತಾರೆ. ಅಲ್ಲಿ ತರುಣರು ಗಟ್ಟಿಯಾಗಿ ನಕ್ಕರು. ಅದು ಅಪಹಸಿತವೇ ಸರಿ. ಹಿರಿಯರ ಸಾಲಿನಿಂದ ಸದ್ದಿಲ್ಲ. ಮುಂದೆ ಜಾವೇದನು ಗಿರಿಯಾತ್ರೆಯ ಸುದ್ದಿಯನ್ನು ಹೆಂಡತಿಗೆ ತಿಳಿಸದೆ, ಕಾನಪುರದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆಂದು ಅವಳನ್ನು ನಂಬಿಸಿ ಹೊರಡಿಸುತ್ತಾನೆ. ಇಲ್ಲಿ ನಗೆಯ ದಿಕ್ಕು ಬದಲಾಯಿತು. ತರುಣರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಿರಿಯ ಗಂಡಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹಿರಿಯ ಹೆಂಗಸರು ಅವರಿಗಿಂತ ಹೆಚ್ಚಾಗಿ ನಕ್ಕರು. ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ಅವನು ಬಾಯಿ ತೆರೆಯುವ ಮುನ್ನವೇ ಗೊತ್ತಿರುತ್ತದೆ ಎಂಬ ಅರಿವು ಆ ನಗೆಯಲ್ಲಿತ್ತು. ಹಾಸ್ಯಕ್ಕೆ ಆತ್ಮಸ್ಥ, ಪರಸ್ಥ ಎಂಬ ಇನ್ನೊಂದು ವಿಭಾಗವನ್ನೂ ಭರತನು ಹೇಳಿದ್ದಾನೆ. ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು ಎಂದು ಅದರ ಸರಳಾರ್ಥ. ಅದನ್ನು ತುಸು ಹಿಗ್ಗಿಸಿ, ನಗುವವನು ನಗೆಯ ವಸ್ತುವಿನಲ್ಲಿ ತನ್ನನ್ನು ಸೇರಿಸಿಕೊಂಡಿದ್ದಾನೆಯೇ ಇಲ್ಲವೇ ಎಂದು ಕೇಳಿದರೆ ಈ ಚಿತ್ರದ ಪ್ರೇಕ್ಷಕರನ್ನು ಅರ್ಥಮಾಡಿಕೊಳ್ಳಲು ಆರು ದರ್ಜೆಗಳಿಗಿಂತ ಇದು ಹೆಚ್ಚು ಉಪಯುಕ್ತ. ಏದುಸಿರನ್ನು ಕಂಡು ತರುಣರು ನಕ್ಕದ್ದು ಪರಸ್ಥ. ಜಾವೇದನ ಸುಳ್ಳಿಗೆ ಹಿರಿಯರು ನಕ್ಕದ್ದು ಆತ್ಮಸ್ಥ.

ಆಟ ಮುಗಿದ ಮೇಲೆ ಮೆಟ್ಟಿಲಿಳಿಯುತ್ತ ಪರಿಚಯದ ಮರಾಠಿ ವೃದ್ಧರೊಬ್ಬರು ಆಡಿದ ಮಾತು ನಮ್ಮನ್ನು ಬಹುಕಾಲ ಕಾಡಿತು. ಮುದುಕರು ನಡೆದರೆ ಅದರಲ್ಲಿ ನಗುವುದೇನಿದೆ, ನಮ್ಮಲ್ಲಿ ವಾರಿಗೆ ಹೋಗುವವರನ್ನು ಯಾರಾದರೂ ನಗುತ್ತಾರೆಯೇ ಎಂದು ಅವರ ಪ್ರಶ್ನೆ. ನಾಸಿಕ ಪ್ರಾಂತವನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ಜ್ಞಾನೇಶ್ವರರ ಅಣ್ಣ ನಿವೃತ್ತಿನಾಥರ ಸಮಾಧಿ ಇರುವುದು ತ್ರ್ಯಂಬಕೇಶ್ವರದಲ್ಲಿ. ಅಲ್ಲಿಂದ ಪ್ರತಿವರ್ಷ ಪಲ್ಲಕ್ಕಿ ಹೊರಟು ಆಷಾಢ ಏಕಾದಶಿಗೆ ಪಂಢರಪುರವನ್ನು ಸೇರುತ್ತದೆ. ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಏಕನಾಥರ ಪಲ್ಲಕ್ಕಿ ಹೊರಡುತ್ತದೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತು ನಡೆಯುವ ಎಪ್ಪತ್ತರ ಹೆಂಗಸು ಇಲ್ಲಿ ಪೂಜ್ಯಳು. ಶ್ರಾವಣದ ಮೂರನೆಯ ಸೋಮವಾರ ಬ್ರಹ್ಮಗಿರಿಯ ಪ್ರದಕ್ಷಿಣೆಗೆ ಮಳೆ ಕೆಸರುಗಳಲ್ಲಿ ಬರಿಗಾಲಲ್ಲಿ ಹೊರಡುವವರಲ್ಲಿ ಊರುಗೋಲು ಹಿಡಿದವರು ಕಡಿಮೆಯಿಲ್ಲ. ಆಂಜನೇರಿಯ ಬೆಟ್ಟಕ್ಕೂ ಹಾಗೆಯೇ. ಆಂಜನೇಯನು ಹುಟ್ಟಿದ್ದು ಅಲ್ಲಿಯೋ ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲಿಯೋ ಎಂದು 2022ರ ಮೇ ಕೊನೆಯಲ್ಲಿ ನಾಸಿಕದಲ್ಲಿ ಒಂದು ಚರ್ಚಾಸಭೆಯೇ ಸೇರಿ ಗದ್ದಲದಲ್ಲಿ ಮುಗಿಯಿತು. ಎರಡೂ ಬೆಟ್ಟಗಳನ್ನು ಹತ್ತುವ ಅಜ್ಜಿಯರು ಆ ತೀರ್ಪಿಗಾಗಿ ಕಾದು ಕುಳಿತಿಲ್ಲವೆಂಬುದು ಬೇರೆ ಮಾತು.

ಹಾಗಾದರೆ ದೇವರ ಹೆಸರಿನಲ್ಲಿ ನಡೆದಾಗ ಗೌರವಕ್ಕೆ ಪಾತ್ರವಾಗುವ ಮುಪ್ಪು ಸ್ವಂತ ಇಚ್ಛೆಯಿಂದ ನಡೆದಾಗ ನಗೆಗೀಡಾಗುವುದೇಕೆ? ನಮಗೆ ತೋರುವ ಉತ್ತರ ಇಷ್ಟು. ಮುದುಕನಿಗೆ ಆಸೆ ಇರಬಾರದು ಎಂಬುದು ನಮ್ಮ ಸಮಾಜದ ಅಲಿಖಿತ ಕರಾರು. ಮೋಕ್ಷದ ಆಸೆ ಅದಕ್ಕೆ ಹೊರತು. ಕೈಯಲ್ಲಿ ಕೋಲೂ ಬೆನ್ನಿಗೆ ಚೀಲವೂ ಇರುವ ಮುದುಕ ಹಾಗೆ ಕಂಡರೆ ಏನೋ ಎಳೆಯರ ವೇಷ ಹಾಕಿದಂತೆ ಕಾಣುತ್ತಾನೆ. ವಿಕೃತವೇಷವೇ ಹಾಸ್ಯದ ವಿಭಾವವೆಂದು ಶಾಸ್ತ್ರ ಹೇಳಿದ್ದು ಇಲ್ಲಿ ಅನ್ವಯಿಸುತ್ತದೆ. ಬಡಜಾತ್ಯಾ ಅವರ ಜಾಣತನವೆಂದರೆ ಆ ಚೀಲದೊಳಗೆ ಚಿತಾಭಸ್ಮವನ್ನು ಇರಿಸಿದ್ದು. ನಡಿಗೆ ವಿಹಾರವಾಗದೆ ಋಣವಾಯಿತು. ಋಣ ತೀರಿಸಲು ಹೊರಟವನನ್ನು ಕಂಡು ಭಾರತೀಯ ಪ್ರೇಕ್ಷಕನು ಬಹಳ ಹೊತ್ತು ನಗಲಾರ.

ಈ ಮಾತನ್ನು ಸ್ಪಷ್ಟಪಡಿಸಲು ಪಶ್ಚಿಮದ ಒಂದು ಚಿತ್ರವನ್ನು ನೆನೆಯಬಹುದು. ಬಿಲ್ ಬ್ರೈಸನ್ ಅವರ 1998ರ ಪ್ರವಾಸಕಥನವನ್ನು ಆಧರಿಸಿ 2015ರಲ್ಲಿ ಬಂದ ‘ಎ ವಾಕ್ ಇನ್ ದಿ ವುಡ್ಸ್’ ಚಿತ್ರದಲ್ಲಿ ರಾಬರ್ಟ್ ರೆಡ್‌ಫರ್ಡ್ ಮತ್ತು ನಿಕ್ ನೋಲ್ಟಿ ಅವರು ಅಮೆರಿಕದ ಅಪಲೇಚಿಯನ್ ಕಾಲುಹಾದಿಯಲ್ಲಿ ನಡೆಯುತ್ತಾರೆ. ಸುಮಾರು ಮೂರೂವರೆ ಸಾವಿರ ಕಿಲೊಮೀಟರುಗಳ ಹಾದಿ ಅದು. ಅವರು ಅದನ್ನು ಪೂರೈಸುವುದಿಲ್ಲ. ನಡುವೆ ಬಿಟ್ಟು ಮನೆಗೆ ಹಿಂತಿರುಗುತ್ತಾರೆ. ಯಾರಿಗೂ ಯಾವ ಋಣವೂ ಇಲ್ಲವಾದ್ದರಿಂದ ಹಿಂತಿರುಗುವುದರಲ್ಲಿ ಅವಮಾನವಿಲ್ಲ, ಆ ಚಿತ್ರದ ನಗೆ ಕೊನೆಯವರೆಗೂ ನಗೆಯಾಗಿಯೇ ಉಳಿಯುತ್ತದೆ. ‘ಊಂಚಾಯಿ’ಯ ಗೆಳೆಯರಿಗೆ ಆ ಸ್ವಾತಂತ್ರ್ಯವಿಲ್ಲ. ಬೂದಿಯನ್ನು ಅರ್ಧ ದಾರಿಯಿಂದ ಮರಳಿ ತರುವಂತಿಲ್ಲ. ನಮ್ಮ ಚಿತ್ರಕ್ಕೆ ಬಂದಿರುವ ಗಾಂಭೀರ್ಯವೂ ಅದರ ಭಾರವೂ ಈ ಒಂದೇ ಮೂಲದಿಂದ ಹುಟ್ಟಿದವು.

ಇನ್ನು ಎರಡನೆಯ ಅನುಭವ. 2023ರ ಜನವರಿಯಲ್ಲಿ ಚಿತ್ರವು ಜೀ5 ಮುಖಾಂತರ ಮನೆಮನೆಯ ತೆರೆಗೆ ಬಂತು. ಆ ವರ್ಷದ ಫೆಬ್ರವರಿಯಲ್ಲಿ ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರವೆಂಬ ಹೆಸರಿಗೆ ಕೇಂದ್ರದ ಒಪ್ಪಿಗೆ ದೊರೆಯಿತು. ಅದಾದ ಕೆಲವು ವಾರಗಳಲ್ಲಿ ಅಲ್ಲಿನ ಒಂದು ಕನ್ನಡ ಮನೆಯ ಪಡಸಾಲೆಯಲ್ಲಿ ಹದಿನೈದು ಮಂದಿ ಸೇರಿ ಇದನ್ನು ನೋಡಿದೆವು. ಬಂದವರಲ್ಲಿ ಹೆಚ್ಚಿನವರು ಧಾರವಾಡ, ಬಿಜಾಪುರ, ಕಲಬುರ್ಗಿ ಕಡೆಯಿಂದ ಬ್ಯಾಂಕು, ರೈಲ್ವೆ, ಕಾಲೇಜು, ಕಾರಖಾನೆಗಳ ಕೆಲಸಕ್ಕೆ ಬಂದು ಅಲ್ಲಿಯೇ ನಿಂತವರು. ಕೆಲವರು ಎರಡನೆಯ ತಲೆಮಾರು. ತಾವು ಪರಸ್ಥಳದವರೆಂದು ಒಪ್ಪಿಕೊಳ್ಳಲು ಅವರಿಗೆ ಮನಸ್ಸಿಲ್ಲ. ಊರ ಹತ್ತಿರವೇ ರಾಷ್ಟ್ರಕೂಟ ಕೃಷ್ಣನ ಕಾಲದ ಎಲ್ಲೋರದ ಕೈಲಾಸವಿದೆ. ಕನ್ನಡದಲ್ಲಿಯೂ ಹೇರಳವಾಗಿ ಶಾಸನ ಹಾಕಿಸಿದ ಸೇವುಣರ ದೇವಗಿರಿ ಇದೆ. ಗೋದಾವರಿಯನ್ನು ಕನ್ನಡನಾಡಿನ ಬಡಗಣ ಎಲ್ಲೆಯಾಗಿ ‘ಕವಿರಾಜಮಾರ್ಗ’ ಗುರುತಿಸಿದೆಯಾದ್ದರಿಂದ, ನಾಸಿಕದವರು ಎಲ್ಲೆಯ ಮೇಲೆಯೂ ತಾವು ಎಲ್ಲೆಯ ಹೊಸ್ತಿಲ ಬಳಿಯೂ ಇದ್ದೇವೆ ಎಂದು ಅಲ್ಲಿನ ಹಿರಿಯರೊಬ್ಬರ ಹಳೆಯ ವಿನೋದ.

ಇಲ್ಲಿ ನಗೆ ಮೊದಲಿನಿಂದಲೇ ಧಾರಾಳವಾಗಿತ್ತು. ಹುಟ್ಟುಹಬ್ಬದ ರಾತ್ರಿ ನಾಲ್ವರೂ ಕುಣಿಯುವ ಹಾಡಿಗೆ ಇಬ್ಬರು ಎದ್ದು ಹೆಜ್ಜೆ ಹಾಕಿದರು. ಏದುಸಿರಿನ ದೃಶ್ಯದಲ್ಲಿ ನಾಸಿಕದ ಹಿರಿಯರು ಸುಮ್ಮನಿದ್ದರಲ್ಲವೆ? ಇವರು ಜೋರಾಗಿ ನಕ್ಕರು. ಅಪರಿಚಿತ ತರುಣರ ನಡುವೆ ಕುಳಿತ ಮುದುಕನಿಗೂ ಗೆಳೆಯರ ನಡುವೆ ಕುಳಿತ ಮುದುಕನಿಗೂ ಇರುವ ವ್ಯತ್ಯಾಸ ಇದು. ನಗೆಗೆ ರಕ್ಷಣೆ ಬೇಕು. ಭರತನ ವಿಂಗಡಣೆಯಲ್ಲಿ ಈ ಅಂಶಕ್ಕೆ ಸ್ಥಾನವಿಲ್ಲದಿರುವುದು ಒಂದು ಕೊರತೆಯೆಂದು ಹೇಳಲು ನಾವು ಅಂಜುವುದಿಲ್ಲ.

ಕಥೆ ಗೋರಖಪುರಕ್ಕೆ ಬಂದಾಗ ಪಡಸಾಲೆ ತಣ್ಣಗಾಯಿತು. ಓಂ ದಿಲ್ಲಿಯಲ್ಲಿ ಬದುಕು ಕಳೆದವನಾದರೂ ಗೋರಖಪುರದ ತನ್ನ ಹಿರಿಯರ ಮನೆಯ ಹೆಮ್ಮೆಯನ್ನು ಎಂದೂ ಕೈಬಿಟ್ಟವನಲ್ಲ. ಮಾತೆತ್ತಿದರೆ ಊರು, ಮನೆ, ಮನೆತನ. ಅಲ್ಲಿಗೆ ಹೋದ ಮೇಲೆ, ನೆನಪಿನಲ್ಲಿ ಕಟ್ಟಿಕೊಂಡಿದ್ದ ಮನೆಗೂ ಕಣ್ಣೆದುರಿನ ಮನೆಗೂ ಸಂಬಂಧವಿಲ್ಲವೆಂದು ಅವನಿಗೆ ತಿಳಿಯುತ್ತದೆ. ಅನುಪಮ್ ಖೇರ್ ಅವರು ಇಡೀ ಚಿತ್ರದಲ್ಲಿ ಅತ್ಯಂತ ಸಂಯಮದಿಂದ ಅಭಿನಯಿಸಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ. ಅಷ್ಟರಲ್ಲಿ ಮನೆಯ ಹಿರಿಯ ಗೃಹಿಣಿ, “ಸ್ವಲ್ಪ ನಿಲ್ಲಸ್ರಿ, ಚಹಾ ಕುಡದು ಮುಂದ ನೋಡೂಣು” ಎಂದರು. ಚಹಾ ಆಗಲೇ ಒಂದು ಸಲ ಆಗಿತ್ತು. ಯಾರೂ ಅದನ್ನು ನೆನಪಿಸಲಿಲ್ಲ.

ಆ ಚಹಾದ ಅರ್ಧ ಗಂಟೆಯಲ್ಲಿ ಚಿತ್ರದ ಮಾತು ಒಂದೂ ಬರಲಿಲ್ಲ. ಒಬ್ಬರು ತಮ್ಮ ಹಳ್ಳಿಯ ಮನೆಯ ವಾಟಣಿಪತ್ರಕ್ಕೆ ಸಹಿ ಹಾಕಲು ಹೋದಾಗ ತಮ್ಮಂದಿರ ಮಕ್ಕಳು ತಮ್ಮನ್ನು ‘ಮಹಾರಾಷ್ಟ್ರದ ಕಾಕಾ’ ಎಂದು ಕರೆದುದನ್ನು ಹೇಳಿದರು. ಇನ್ನೊಬ್ಬರು, ಊರಿನಲ್ಲಿ ಮನೆ ಬಿದ್ದುಹೋಗಿ ಹಿತ್ತಲಿನ ಬಾವಿಯೊಂದೇ ಉಳಿದಿದೆ, ಅದರಲ್ಲಿಯೂ ಪಾಲು ಕೇಳಲೋ ಬೇಡವೋ ತಿಳಿಯದೆಂದರು. ಇದನ್ನು ಹೇಳುವಾಗ ಅವರು ನಕ್ಕರು, ಕೇಳಿದವರೂ ನಕ್ಕರು. ಆ ನಗೆಗೆ ಶಾಸ್ತ್ರದಲ್ಲಿ ಏನು ಹೆಸರೋ ನಾವರಿಯೆವು. ಜಾವೇದನ ಹೆಂಡತಿ ಮಗಳ ಮನೆಯಲ್ಲಿ ತಾನು ಬೇಡದ ಅತಿಥಿಯೆಂದು ಕಂಡುಕೊಳ್ಳುವ ಪ್ರಸಂಗಕ್ಕೂ ನಾಸಿಕದಲ್ಲಿ ಮೂಗೊರೆಸಿಕೊಳ್ಳುವ ಸದ್ದು ಕೇಳಿತ್ತು. ಇಲ್ಲಿ ತಾಯಂದಿರು ನೆಟ್ಟ ನೋಟದಿಂದ ತೆರೆಯನ್ನೇ ನೋಡುತ್ತಿದ್ದರು, ಅಷ್ಟೆ. ಅವರಲ್ಲಿ ಮೂವರ ಮಕ್ಕಳು ಪುಣೆಯಲ್ಲಿಯೋ ಸಮುದ್ರದಾಚೆಗೋ ಇದ್ದಾರೆ. ನೀನಾ ಗುಪ್ತಾ ಅವರಿಗೆ ಈ ಪಾತ್ರಕ್ಕಾಗಿ 2022ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ನಿರ್ದೇಶನಕ್ಕಾಗಿ ಬಡಜಾತ್ಯಾ ಅವರಿಗೂ ಬಂತು. 2024ರ ಆಗಸ್ಟಿನಲ್ಲಿ ಅದೇ ಪಟ್ಟಿಯಲ್ಲಿ ‘ಕಾಂತಾರ’ದ ರಿಷಭ್ ಶೆಟ್ಟಿ ಅವರ ಹೆಸರನ್ನೂ ಓದಿದಾಗ, ಆ ಶರತ್ಕಾಲದ ಎರಡು ಚಿತ್ರಗಳೂ ಒಟ್ಟಿಗೆ ನೆನಪಾದವು. ನೀನಾ ಗುಪ್ತಾ ಅವರ ಪ್ರಶಸ್ತಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ನಿರ್ದೇಶನದ ವಿಷಯದಲ್ಲಿ ಇದೆ.

ಚಿತ್ರದ ದೊಡ್ಡ ದೋಷವೆಂದರೆ ಅದು ತನ್ನ ಮುಗುಳುನಗೆಯನ್ನು ತಾನೇ ನಂಬದಿರುವುದು. ಪೂರ್ವಾರ್ಧದಲ್ಲಿ ಹದವಾಗಿ ಬೆಳೆದ ವಿನೋದ ಉತ್ತರಾರ್ಧದಲ್ಲಿ ಕಣ್ಣೀರಿಗೆ ಎಡೆಬಿಟ್ಟು ಸರಿಯುತ್ತದೆ. ಪ್ರತಿಯೊಂದು ಭಾವವನ್ನೂ ಮೊದಲು ಅಭಿನಯದಿಂದ, ಆಮೇಲೆ ಮಾತಿನಿಂದ, ಕೊನೆಗೆ ವಾದ್ಯಗಳಿಂದ, ಹೀಗೆ ಮೂರು ಸಲ ಹೇಳಲಾಗುತ್ತದೆ. ಅಮಿತನು ಮರೆಮಾಚಿಕೊಂಡ ಮರೆವಿನ ಕಾಯಿಲೆ ಕಥೆಗೆ ಅಗತ್ಯವಿರಲಿಲ್ಲ. ವಯಸ್ಸು, ಎತ್ತರ, ಚಳಿ, ಇಷ್ಟೇ ಸಾಲದೆ? ವೃದ್ಧಾಪ್ಯದ ಸಹಜ ದುರ್ಬಲತೆಯ ಮೇಲೆ ರೋಗವನ್ನೂ ಹೇರಿದಾಗ, ಪ್ರೇಕ್ಷಕನ ಸಹಾನುಭೂತಿ ಮುದುಕನ ಮೇಲಿಂದ ರೋಗಿಯ ಮೇಲೆ ಜಾರುತ್ತದೆ. ನಾಸಿಕದ ತರುಣರು ನಗುವುದನ್ನು ನಿಲ್ಲಿಸಿದ್ದು ರೋಗದ ವಿಷಯ ಹೊರಬಿದ್ದ ಮೇಲೆ ಎಂಬುದನ್ನು ಗಮನಿಸಬೇಕು. ಅಂದರೆ ಅವರು ವಾರ್ಧಕ್ಯವನ್ನು ಗೌರವಿಸಲು ಕಲಿಯಲಿಲ್ಲ, ಕಾಯಿಲೆಯನ್ನು ಕನಿಕರಿಸಿದರು. ಮಾರ್ಗದರ್ಶಿಯಾದ ಕಟ್ಟುನಿಟ್ಟಿನ ತರುಣಿಯ ಪಾತ್ರ ಈ ಕಲಿಕೆಗೆ ದಾರಿಯಾಗಬಹುದಿತ್ತು. ಆಕೆಯ ಮನಃಪರಿವರ್ತನೆ ಅವಸರದಲ್ಲಿ ಮುಗಿದುಹೋಗುತ್ತದೆ.

ಇಲ್ಲಿ ಕನ್ನಡಿಗನಿಗೆ ಕಾರಂತರ ‘ಬೆಟ್ಟದ ಜೀವ’ ನೆನಪಾಗದಿರದು. 1943ರ ಆ ಕಾದಂಬರಿಯನ್ನು ಪಿ. ಶೇಷಾದ್ರಿ ಅವರು ತೆರೆಗೆ ತಂದರು. ದತ್ತಾತ್ರೇಯ ಅವರು ಗೋಪಾಲಯ್ಯನಾಗಿ ಕಾಣಿಸಿಕೊಂಡರು. ಗೋಪಾಲಯ್ಯನೂ ಮುದುಕನೇ, ಬೆಟ್ಟ ಹತ್ತಿಳಿಯುವವನೇ, ಮಗ ಮನೆ ಬಿಟ್ಟುಹೋದ ಸಂಕಟ ಅವನಿಗೂ ಇದೆ. ಆದರೆ ಅವನು ಯಾವ ಶಿಖರಕ್ಕೂ ಹೊರಟವನಲ್ಲ. ಕುಮಾರಪರ್ವತದ ಮಗ್ಗುಲಲ್ಲಿ ಅಡಕೆತೋಟಕ್ಕೂ ಮನೆಗೂ ನಡುವೆ ದಿನನಿತ್ಯ ನಡೆಯುತ್ತಾನೆ. ಅತಿಥಿಯನ್ನು ನಗಿಸುತ್ತಾನೆ, ತನ್ನನ್ನೇ ಹಾಸ್ಯಮಾಡಿಕೊಳ್ಳುತ್ತಾನೆ, ಸಂಕಟವನ್ನು ಆ ವಿನೋದದ ಅಡಿಯಲ್ಲಿ ಹೂತಿಡುತ್ತಾನೆ. ಅವನ ಸುತ್ತ ಯಾವ ವಾದ್ಯವೂ ಅಳುವುದಿಲ್ಲ. ಆತ್ಮಸ್ಥ ಹಾಸ್ಯದ ಇಂಥ ಸಂಯಮ ‘ಊಂಚಾಯಿ’ಯಲ್ಲಿ ಕೆಲವು ನಿಮಿಷಗಳು ಮಾತ್ರ ಸುಳಿದು ಮಾಯವಾಗುತ್ತದೆ.

ಈ ಹೋಲಿಕೆಯನ್ನು ಸಂಭಾಜಿನಗರದ ಪಡಸಾಲೆಯಲ್ಲಿ ನಾವು ಮುಂದಿಟ್ಟಾಗ ಎರಡನೆಯ ತಲೆಮಾರಿನ ಯುವಕ ಎಂಜಿನಿಯರೊಬ್ಬರು ತೀಕ್ಷ್ಣವಾಗಿಯೇ ಎದುರಾಡಿದರು. “ಗೋಪಾಲಯ್ಯಗ ಬೆಟ್ಟ ಮನೀ ಹಿತ್ತಲದಾಗ ಇತ್ತರೀ ಸರ. ನಮ್ಮಪ್ಪಗ ಎಲ್ಲೈತಿ?” ಎಂದರು. ಅವರ ತಂದೆ ಅಲ್ಲಿಯೇ ಕುಳಿತಿದ್ದರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ನೆಲೆ ತಪ್ಪಿದವನಿಗೆ ಬೆಟ್ಟ ಯಾವಾಗಲೂ ಬೇರೆ ಎಲ್ಲಿಯೋ ಇರುವ ವಸ್ತು, ಹೋಗಿ ಮುಟ್ಟಬೇಕಾದದ್ದು. ಓಂನಂಥವನಿಗೆ ಗೋರಖಪುರ ಕೈಬಿಟ್ಟ ಮೇಲೆ ಎವರೆಸ್ಟೇ ಗತಿಯಾಯಿತು ಎಂದು ಓದಿದರೆ, ಚಿತ್ರದಲ್ಲಿ ನಾವು ಬಿಡಿಬಿಡಿಯೆಂದು ಭಾವಿಸಿದ್ದ ಎರಡು ಭಾಗಗಳು ಕೂಡಿಕೊಳ್ಳುತ್ತವೆ. ನಿರ್ದೇಶಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಆ ಹದಿನೈದು ಮಂದಿ ಹಾಗೆಯೇ ಓದಿದರು. ದೋಷಗಳ ಪಟ್ಟಿಯನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕೃತಿಯ ಬೆಲೆ ಕಟ್ಟುವಾಗ ಮೊದಲು ಬರೆದುಕೊಂಡಿದ್ದಕ್ಕಿಂತ ಒಂದಿಷ್ಟು ಹೆಚ್ಚಿಗೆ ಜಮಾ ಮಾಡಿದ್ದೇವೆ.

ಆ ಚಳಿಗಾಲ ನಾಸಿಕದ ನಮ್ಮ ಬಳಗದ ಆರು ಮಂದಿ, ಎಲ್ಲರೂ ಅರುವತ್ತು ದಾಟಿದವರು, ಕಳಸೂಬಾಯಿಗೆ ಹೊರಟರು. ಬಾಲಬಡುಕರಾಗಿ ನಾವೂ ಇದ್ದೆವು. ಮಹಾರಾಷ್ಟ್ರದಲ್ಲಿ ಅತ್ಯುನ್ನತವಾದ ಆ ಶಿಖರ 1,646 ಮೀಟರು. ನಮ್ಮ ಕುಮಾರಪರ್ವತಕ್ಕಿಂತ ತುಸು ಕುಳ್ಳು ಎಂದು ಒಬ್ಬರು ದಾರಿಯುದ್ದಕ್ಕೂ ಜ್ಞಾಪಿಸುತ್ತಿದ್ದರು. ಬಾರಿ ಎಂಬ ಹಳ್ಳಿಯಿಂದ ಮೇಲೇರುವ ಹಾದಿಯಲ್ಲಿ ಕಡಿದಾದ ಕಡೆ ಕಬ್ಬಿಣದ ಏಣಿಗಳನ್ನು ನಿಲ್ಲಿಸಿದ್ದಾರೆ. ಮೊದಲನೆಯ ಏಣಿಯ ಬುಡದಲ್ಲಿಯೇ ಇಬ್ಬರು ಕುಳಿತುಬಿಟ್ಟರು. ಹಿಂದಿನಿಂದ ಬಂದ ಕಾಲೇಜು ಹುಡುಗರ ಗುಂಪೊಂದು ಅವರನ್ನು ನೋಡಿ ನಕ್ಕಿತು. ಕುಳಿತವರಲ್ಲಿ ಒಬ್ಬರು ಅವರಿಗಿಂತ ಗಟ್ಟಿಯಾಗಿ ನಕ್ಕು, ನೀರಿನ ಬಾಟಲಿ ಇದ್ದರೆ ಕೊಡಿ ಎಂದು ಮರಾಠಿಯಲ್ಲಿ ಕೇಳಿದರು. ಹುಡುಗರು ಕೊಟ್ಟರು. ಸೀರೆಯ ಕಚ್ಚೆ ಬಿಗಿದ, ಬರಿಗಾಲಿನ ಮುದುಕಿಯೊಬ್ಬಳು ಕೈಯಲ್ಲಿ ತೆಂಗಿನಕಾಯಿ ಹಿಡಿದು ಶಿಖರದ ದೇವಿಯ ಗುಡಿಗೆ ಹೋಗುತ್ತಿದ್ದವಳು, ಇವರಿಬ್ಬರನ್ನೂ ಹುಡುಗರನ್ನೂ ದಾಟಿ, ಯಾರ ಕಡೆಗೂ ನೋಡದೆ ಏಣಿ ಹತ್ತಿದಳು.